ಪ್ರಾರ್ಥನೆಯಲ್ಲಿ ಬಿಟ್ಟ ಮಾತು

ಕೆಂದಿ ಮೂರನೆಯ ಸಲ ಬಕೆಟ್ ಒದ್ದು, ಬಾಲದಿಂದ ಸೊಸೆಯ ಕೆನ್ನೆಗೆ ಬಾರಿಸಿತು.

"ಹಾಲು ಕೊಡದಿದ್ರೆ ಬೇಡ, ಮರ್ಯಾದೆನಾದ್ರೂ ಉಳಿಸು ತಾಯಿ," ಎಂದು ಸೊಸೆ ಹಸುವಿಗೆ ಕೈಮುಗಿದಳು.

ಕೊಟ್ಟಿಗೆಯ ಬಾಗಿಲಲ್ಲಿ ಅಜ್ಜಿ ಪ್ಲಾಸ್ಟರ್ ಹಾಕಿದ ಬಲಗೈಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಮೊನ್ನೆ ಹೊಲದ ಬದುವಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ದೇವರ ಹೆಸರು ಹೇಳುತ್ತಲೇ ಬಿದ್ದದ್ದಕ್ಕೆ ಬರೀ ಮಣಿಕಟ್ಟಿಗೇ ಮುಗಿಯಿತು ಎಂದು ನೋಡಲು ಬಂದವರಿಗೆಲ್ಲ ವಿವರಿಸಿದ್ದಳು.

ಕೆಂದಿ ಅಜ್ಜಿಗಲ್ಲದೆ ಬೇರೆ ಯಾರಿಗೂ ಹಾಲು ಇಳಿಸಿದ್ದಿಲ್ಲ. ನಿನ್ನೆ ದನದ ಡಾಕ್ಟರು ಬಂದು ಸೂಜಿ ಚುಚ್ಚಿ ಹೇಗೋ ಒಂದು ಹೊತ್ತು ಕರೆಸಿದ್ದರು. "ದಿನಾ ಚುಚ್ಚೋಕಾಗಲ್ಲ. ನಾಳೆ ಸಂಜೆ ಒಳಗೆ ಕರೀದಿದ್ರೆ ಕೆಚ್ಚಲು ಬಾವು ಗ್ಯಾರಂಟಿ. ಅಜ್ಜಿ ಏನು ಮಾಡ್ತಿದ್ರೋ ಅದನ್ನೇ ಮಾಡಿ," ಎಂದು ಬೈಕ್ ಹತ್ತಿದ್ದರು.

ಅಜ್ಜಿ ಮಾಡುತ್ತಿದ್ದುದು ಪ್ರಾರ್ಥನೆ. ಗಂಡ ಹೋದ ಮೇಲೆ ಹೊಲ, ಮನೆ, ಮಗ ಎಲ್ಲವೂ ಒಬ್ಬಳ ತಲೆಗೇ ಬಿದ್ದಾಗ, ದೇವರ ಜೊತೆ ಕೂತು ಮಾತಾಡಲು ಅವಳಿಗೆ ಸಿಕ್ಕಿದ್ದು ಹಾಲು ಕರೆಯುವ ಮಣೆ ಒಂದೇ. ಎರಡು ಹೊತ್ತೂ ಅದೇ ಮಾತು, ಅದೇ ರಾಗ. ದೇವರಿಗೆ ಕೇಳಿಸಿತೋ ಇಲ್ಲವೋ, ಹಸುವಿಗಂತೂ ಬಾಯಿಪಾಠವಾಗಿತ್ತು. ಅದನ್ನೇ ಅಜ್ಜಿಯಿಂದ ಕಲಿತು ಸೊಸೆ ಮೂರು ಸಲ ಹೇಳಿಯಾಗಿತ್ತು, ಮೂರು ಸಲವೂ ಒದೆಯೇ ಸಿಕ್ಕಿತ್ತು.

"ಪೂರ್ತಿ ಹೇಳಿಕೊಟ್ರಾ ಅತ್ತೆ?"

"ಹೂಂ ಕಣೇ. ಹೋದವರಿಗೆ ಶಾಂತಿ ಕೊಡು, ಮಗನ ಬೆನ್ನುನೋವು ತೆಗಿ, ಮೊಮ್ಮಗಳನ್ನ ಕಾಯಿ, ಹೊಲ ಹಸಿರಾಗಿಡು. ಅಷ್ಟೇ."

ಹೇಳುವಾಗ ಅಜ್ಜಿ ಸೊಸೆಯ ಮುಖ ನೋಡದೆ ಹುಲ್ಲಿನ ರಾಶಿಯ ಕಡೆ ನೋಡಿದಳು. ರಾಶಿಯ ಮೇಲೆ ಮೊಮ್ಮಗಳು ಕೂತಿದ್ದಳು.

"ಅಜ್ಜಿ, ಅಮ್ಮಂದು ಬಿಟ್ಬಿಟ್ಟೆ!"

ಮೊನ್ನೆಯಿಂದ ಅಜ್ಜಿಯ ತಲೆ ಬಾಚಿ, ತುತ್ತು ಮಾಡಿ ಬಾಯಿಗಿಡುತ್ತಿದ್ದವಳು ಇದೇ ಸೊಸೆ. ಇವಳು ಮುನಿಸಿಕೊಂಡರೆ ಗತಿಯೇನು? ಸುಳ್ಳು ಹೇಳೋಣವೆಂದರೆ ಆ ಅಭ್ಯಾಸವೂ ಇಲ್ಲ. ಅಷ್ಟರಲ್ಲಿ ಕೆಂದಿ ನೋವಿಗೆ ಸಣ್ಣಗೆ ನರಳಿತು. ಅಜ್ಜಿಗೆ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಈ ಸೊಸೆಗೆ ಬುದ್ಧಿ ಕೊಡು ತಂದೆ, ಆಗದಿದ್ರೆ ನಂಗೆ ತಾಳ್ಮೆ ಕೊಡು!"

ಕೆಂದಿಯ ಕಿವಿ ನೆಟ್ಟಗಾಯಿತು.

"ಅಲ್ಲಿಗೆ ಬಂದಾಗ ಕೈ ಸ್ವಲ್ಪ ಜೋರಾಗಿ ಎಳೀತಿತ್ತು," ಎಂದಳು ಅಜ್ಜಿ, ಕಣ್ಣು ಬಿಡದೆಯೇ. "ಹಾಲು ಇಳೀತಿದ್ದಿದ್ದೂ ಅಲ್ಲೇ."

ಸೊಸೆ ಸೊಂಟದ ಮೇಲೆ ಕೈಯಿಟ್ಟಳು. "ಎಷ್ಟು ವರ್ಷದಿಂದ?"

"ನೀನು ಬಂದಾಗಿಂದ."

"ಹನ್ನೆರಡು ವರ್ಷ! ದಿನಾನಾ?"

"ಎರಡು ಹೊತ್ತೂ." ನಿಜ ಹೇಳಲು ಕೂತ ಮೇಲೆ ಅರ್ಧಕ್ಕೆ ನಿಲ್ಲಿಸುವುದು ಅಜ್ಜಿಗೆ ಸರಿಯೆನಿಸಲಿಲ್ಲ.

"ಕೊಟ್ಟನಾ ದೇವರು?"

ಅಜ್ಜಿ ಪ್ರಾಮಾಣಿಕವಾಗಿ ಯೋಚಿಸಿದಳು. "ತಾಳ್ಮೆ ಸ್ವಲ್ಪ ಕೊಟ್ಟ."

ಸೊಸೆ ಬಿದ್ದಿದ್ದ ಬಕೆಟ್ ಎತ್ತಿ ತೊಳೆದಳು, ಮಣೆ ಎಳೆದುಕೊಂಡು ಕೂತಳು. ಹೋದವರು, ಬೆನ್ನುನೋವು, ಮಗಳು, ಹೊಲ ಎಲ್ಲವನ್ನೂ ರಾಗವಾಗಿ ದೇವರಿಗೆ ಒಪ್ಪಿಸಿದಳು. ಆಮೇಲೆ ಹನ್ನೆರಡು ವರ್ಷದ ಉಸಿರನ್ನೆಲ್ಲ ಒಟ್ಟಿಗೆ ಎಳೆದುಕೊಂಡಳು.

"ಈ ಅತ್ತೆಗೆ ಬುದ್ಧಿ ಕೊಡು ತಂದೆ! ಆಗದಿದ್ರೆ ನಂಗೆ ತಾಳ್ಮೆ ಕೊಡು!"

ಚೊರ್ ಎಂದು ಬಕೆಟ್ಟಿನ ತಳ ಸದ್ದು ಮಾಡಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅಜ್ಜಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಇನ್ನೊಂದ್ಸಲ ಹೇಳೇ," ಎಂದಳು. "ಹಿಂದಿನ ಮೊಲೆಗೂ ಇಳೀಲಿ."

ಸೊಸೆ ಹೇಳಿದಳು, ಮೊದಲಿಗಿಂತ ಜೋರಾಗಿ. ಬಾಲ ಮತ್ತೆ ಅವಳ ಕೆನ್ನೆಯ ಕಡೆ ಬೀಸಿ ಬಂತು. ಅಜ್ಜಿ ಎರಡು ಹೆಜ್ಜೆ ಒಳಗೆ ಬಂದು ಅದನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು, ಬಕೆಟ್ ತುಂಬುವ ತನಕ ಬಿಡಲಿಲ್ಲ.