ಉಳಿಸು, ಅಳಿಸು

ಆ ಲ್ಯಾಬಿನ ಎಲ್ಲ ಶಾಖೆಗಳ ಸಾಫ್ಟ್‌ವೇರಿಗೆ ಹೊಸ ರೂಪ ಕೊಟ್ಟವನು ಅವನೇ. ರಕ್ತ ಪರೀಕ್ಷೆಗೆ ಬಂದವರ ಹೆಸರು, ವಯಸ್ಸು, ಪರೀಕ್ಷೆಯ ವಿವರಗಳನ್ನು ಕೌಂಟರಿನವರು ಬೆರಳಿನಿಂದ ಮುಟ್ಟಿ ತುಂಬುವ ಪರದೆ ಅದು. ಹಳೆಯದರಲ್ಲಿ ಕೆಂಪು, ಹಸಿರು, ಹಳದಿ ಬಟನ್‌ಗಳು ಕಣ್ಣಿಗೆ ರಾಚುತ್ತಿದ್ದವು. ಅವನು ಎಲ್ಲವನ್ನೂ ತೆಳು ಬೂದು ಬಣ್ಣಕ್ಕೆ ತಂದ. ಕೆಳಗೆ ಅಕ್ಕಪಕ್ಕದಲ್ಲಿ ಒಂದೇ ಅಳತೆಯ ಎರಡು ಬಟನ್: ‘ಉಳಿಸು’, ‘ಅಳಿಸು’. ಅಳಿಸುವ ಮುನ್ನ ‘ಖಂಡಿತವೇ?’ ಎಂದು ಕೇಳುತ್ತಿದ್ದುದನ್ನೂ ಕಿರಿಕಿರಿ ಎಂದು ತೆಗೆದುಹಾಕಿದ. ಅವನ ಸಾಫ್ಟ್‌ವೇರ್ ಕಂಪನಿಯಲ್ಲಿ ಎಲ್ಲರೂ ಬೆನ್ನು ತಟ್ಟಿದರು.

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ಎರಡು ಕಡೆ ಇಣುಕುವುದು ಅವನ ಅಭ್ಯಾಸ. ಒಂದು, ತನ್ನಂಥ ವಿನ್ಯಾಸಕಾರರು ಹರಟುವ ತಾಣ. ಇನ್ನೊಂದು, ಬಳಸುವವರು ದೂರು ಬರೆಯುವ ಪುಟ. ಒಂದು ಸೋಮವಾರ ಆ ಪುಟದಲ್ಲಿ ‘ಗುಬ್ಬಚ್ಚಿ’ ಎಂಬ ಹೆಸರಿನಲ್ಲಿ ಯಾರೋ ಬರೆದಿದ್ದರು: ‘ಉಳಿಸು, ಅಳಿಸು ಎರಡೂ ಅವಳಿ ಮಕ್ಕಳ ಹಾಗಿವೆ. ಒಂದೇ ಅಕ್ಷರದ ವ್ಯತ್ಯಾಸ. ಜನ ಮುತ್ತಿಕೊಂಡಾಗ ಕೈ ತಪ್ಪುತ್ತದೆ. ದಯವಿಟ್ಟು ದೂರ ದೂರ ಇಡಿ.’

ಅವನಿಗೆ ನಗು ಬಂತು. ದಪ್ಪ ಕನ್ನಡಕ ಹಾಕಿಕೊಂಡ ಗುಬ್ಬಚ್ಚಿಯೊಂದರ ಚಿತ್ರ ಬರೆದು, ಪಕ್ಕದಲ್ಲಿ ಆ ದೂರನ್ನು ಅಂಟಿಸಿ, ‘ಓದಲು ಬಾರದವರಿಗೆ ಬಟನ್ ಯಾಕೆ?’ ಎಂದು ಕೆಳಗೆ ಸೇರಿಸಿ ತಾಣಕ್ಕೆ ಹಾಕಿದ. ಮಧ್ಯಾಹ್ನದೊಳಗೆ ನಾನೂರು ಜನ ನಕ್ಕಿದ್ದರು. ದೂರಿಗೆ ಮಾತ್ರ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಗಮನವಿಟ್ಟು ಬಳಸಿ’ ಎಂಬ ಸಿದ್ಧ ಉತ್ತರ ಕಳಿಸಿ ಕೈ ತೊಳೆದುಕೊಂಡ.

ಅವನಿದ್ದದ್ದು ಅಣ್ಣ ಅತ್ತಿಗೆಯ ಜೊತೆ. ಅತ್ತಿಗೆ ಅದೇ ಲ್ಯಾಬಿನ ಒಂದು ಶಾಖೆಯಲ್ಲಿ ಕೌಂಟರಿಗೆ ಕೂರುತ್ತಿದ್ದಳು. ಗುರುವಾರ ಊಟಕ್ಕೆ ಕೂತಾಗ ಅವಳು ತಟ್ಟೆಗೆ ಕೈ ಹಾಕಲಿಲ್ಲ.

“ಏನಾಯ್ತು?” ಎಂದ ಅಣ್ಣ.

“ನೋಟಿಸ್ ಕೊಟ್ರು. ವಯಸ್ಸಾದೋರೊಬ್ರು ಖಾಲಿ ಹೊಟ್ಟೇಲಿ ಬಂದು ರಕ್ತ ಕೊಟ್ಟು ಹೋಗಿದ್ರು. ಅವರ ದಾಖಲೇನೇ ಮಾಯ. ಯಾರದ್ದು ಅಂತ ತಿಳೀದೆ ಸ್ಯಾಂಪಲ್ ಬಿಸಾಕಿದಾರೆ. ಮಾರನೇ ದಿನ ಅವರು ಮತ್ತೆ ಖಾಲಿ ಹೊಟ್ಟೇಲಿ ಬಂದು, ಸಾಲಲ್ಲೇ ತಲೆ ಸುತ್ತಿ ಬಿದ್ರು. ಅಳಿಸಿದ್ದು ನನ್ನ ಕೈ ಅಂತೆ.” ಅವಳು ಫೋನು ತಿರುಗಿಸಿ ತೋರಿಸಿದಳು. “ಇದರ ಮೇಲೆ ಇದು ಬೇರೆ. ನಮ್ಮ ಲ್ಯಾಬಿನ ಗುಂಪಿಗೆ ಯಾರೋ ಹಾಕಿದಾರೆ.”

ಕನ್ನಡಕದ ಗುಬ್ಬಚ್ಚಿ.

“ಆ ದೂರು ಬರೆದೋಳು ನಾನು,” ಎಂದಳು ಅತ್ತಿಗೆ ಅವನ ಕಡೆ ನೋಡಿ. “ನಿನ್ನ ಕೆಲಸ ಅಂತ ಗೊತ್ತಿತ್ತು. ಮನೇಲಿ ಹೇಳಿದ್ರೆ ಮನಸ್ಸಿಗೆ ಹಚ್ಕೋತೀಯ ಅಂತ ಹೆಸರು ಮುಚ್ಚಿಟ್ಟು ಅಲ್ಲಿ ಬರೆದೆ.”

“ಯಾವನು ಮಾಡಿದ್ದು ಈ ಚಿತ್ರಾನ?” ಅಣ್ಣನ ಮುಖ ಕೆಂಪಾಗಿತ್ತು.

ಚಿತ್ರ ಕೈಯಿಂದ ಕೈಗೆ ದಾಟುವಷ್ಟರಲ್ಲಿ ಅವನ ಹೆಸರು ಉದುರಿಹೋಗಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ನಾನೇ,” ಎಂದ.

ಅತ್ತಿಗೆ ಫೋನನ್ನು ಮಗುಚಿಟ್ಟಳು. “ನಾನು ಅಂತ ಗೊತ್ತಿರಲಿಲ್ಲ, ಅಲ್ವಾ?”

“ಇಲ್ಲ ಅತ್ತಿಗೆ. ಗೊತ್ತಿದ್ರೆ ಮಾಡ್ತಿದ್ನಾ?”

“ಅದೇ ನೋಡು. ಬೇರೆ ಯಾರೋ ಆಗಿದ್ರೆ ಪರವಾಗಿರಲಿಲ್ಲ ನಿಂಗೆ.” ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅವನು ರಜೆ ಹಾಕಿ ಅವಳ ಶಾಖೆಗೆ ಹೋದ. ವ್ಯವಸ್ಥಾಪಕರ ಅನುಮತಿ ಪಡೆದು ಕೌಂಟರಿನ ಹಿಂದೆ ಒಂದು ಸ್ಟೂಲಿನ ಮೇಲೆ ಕೂತ. ಎಂಟು ಗಂಟೆಗೇ ನಲವತ್ತು ಜನ. ಅತ್ತಿಗೆ ಪರದೆಗಿಂತ ಹೆಚ್ಚಾಗಿ ಎದುರಿದ್ದವರ ಮುಖ ನೋಡುತ್ತಿದ್ದಳು; ಕಿವಿ ಮಂದವಾದವರಿಗೆ ಹೇಳಿದ್ದನ್ನೇ ಮೂರು ಸಲ ಹೇಳುತ್ತಿದ್ದಳು. ಗಾಜಿನ ಬಾಗಿಲಿನಿಂದ ಬಿಸಿಲು ನೇರವಾಗಿ ಪರದೆಗೆ ಬಡಿದು ಅವನ ಬೂದು ಬಣ್ಣ ಇದ್ದೂ ಇಲ್ಲದಂತಾಗಿತ್ತು. ‘ಅಳಿಸು’ ಇದ್ದ ಜಾಗಕ್ಕೆ, ಸೂಜಿ ಚುಚ್ಚಿದ ಮೇಲೆ ತೋಳಿಗೆ ಹಚ್ಚುವ ದುಂಡನೆಯ ಪ್ಲಾಸ್ಟರು ಅಂಟಿಸಿದ್ದರು.

“ಮೂರೂ ಕೌಂಟರಲ್ಲಿ ನಿನ್ನೆ ಸಂಜೆ ಅಂಟಿಸಿದ್ವಿ,” ಎಂದಳು ಪಕ್ಕದ ಕೌಂಟರಿನವಳು, ಅವನು ಯಾರೆಂದು ತಿಳಿಯದೆ. “ಮಾಡಿದ ಪುಣ್ಯಾತ್ಮ ಇಲ್ಲೊಂದು ದಿನ ಕೂತಿದ್ರೆ ಗೊತ್ತಾಗ್ತಿತ್ತು.”

ಅವನು ಹೌದೆಂದು ತಲೆಯಾಡಿಸಿದ.

ಸೋಮವಾರ ಕಚೇರಿಗೆ ಹೋಗಿ ಎಲ್ಲ ಶಾಖೆಗಳ ಲೆಕ್ಕ ತೆಗೆಸಿದ. ಹೊಸ ರೂಪ ಬಂದ ಆರು ವಾರಗಳಲ್ಲಿ ಅಳಿಸಿ, ತಕ್ಷಣವೇ ಮತ್ತೆ ತುಂಬಿದ ದಾಖಲೆಗಳು ಮುನ್ನೂರಕ್ಕೂ ಹೆಚ್ಚು. ಅದನ್ನು ಲಗತ್ತಿಸಿ, ತಪ್ಪು ಕೌಂಟರಿನವರದಲ್ಲ, ವಿನ್ಯಾಸದ್ದು, ತನ್ನದು ಎಂದು ಲ್ಯಾಬಿಗೆ ಪತ್ರ ಬರೆದ. “ಹೀಗೆ ನಾವೇ ಬರೆದುಕೊಟ್ರೆ ಕಂಪನಿ ಮುಖ ಎಲ್ಲಿಡೋದು?” ಎಂದರು ಮೇಲಧಿಕಾರಿ. ಎರಡು ದಿನ ತಡೆದು, ಕೊನೆಗೆ ಸಹಿ ಹಾಕಿದರು. ಅವನ ಕೈಲಿದ್ದ ಮುಂದಿನ ಕೆಲಸವನ್ನು ಮಾತ್ರ ಬೇರೆಯವರಿಗೆ ಕೊಟ್ಟರು.

‘ಅಳಿಸು’ ಹೋಗಿ ‘ದಾಖಲೆ ತೆಗೆದುಹಾಕಿ’ ಆಯಿತು, ಮೇಲಿನ ಮೂಲೆಗೆ ಸರಿಯಿತು. ತೆಗೆಯುವ ಮುನ್ನ ಪರದೆ ರೋಗಿಯ ಹೆಸರು ತೋರಿಸಿ ‘ಖಂಡಿತವೇ?’ ಎಂದು ಕೇಳತೊಡಗಿತು. ತಾಣದಲ್ಲಿ ಚಿತ್ರ ತೆಗೆದು, ಗುಬ್ಬಚ್ಚಿ ಹೇಳಿದ್ದೇ ಸರಿ ಎಂದು ಬರೆದ. ಒಂಬತ್ತು ಜನ ಮೆಚ್ಚಿದರು. ಒಬ್ಬ ‘ಹೆದರಿಬಿಟ್ಯಾ?’ ಎಂದು ಕೇಳಿದ. ಚಿತ್ರ ಮಾತ್ರ ಬೇರೆ ಬೇರೆ ಗುಂಪುಗಳಲ್ಲಿ ತಿರುಗುತ್ತಲೇ ಇತ್ತು. ಅದನ್ನು ಹಿಡಿದು ತರುವುದು ಅವನ ಕೈಲಿರಲಿಲ್ಲ.

ಹತ್ತು ದಿನಗಳ ಮೇಲೆ ವ್ಯವಸ್ಥಾಪಕರು ನೋಟಿಸು ವಾಪಸಾಯಿತೆಂದು ಬಾಯಿಮಾತಲ್ಲಿ ಹೇಳಿದರು. ಅತ್ತಿಗೆ ಬಿಡದೆ ಬರಹದಲ್ಲಿ ಪಡೆದುಕೊಂಡಳು. ಮನೆಯಲ್ಲಿ ಅವನೊಂದಿಗೆ ಮಾತ್ರ ಅಗತ್ಯವಿದ್ದಷ್ಟೇ ಮಾತು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟವಳು ಅವನ ಕೋಣೆಯ ಬಾಗಿಲಲ್ಲಿ ನಿಂತಳು.

“ಹುಟ್ಟಿದ ತಾರೀಕು ಹಾಕೋ ಜಾಗಾನೂ ಸರಿ ಇಲ್ಲ. ವಯಸ್ಸಾದೋರ ವರ್ಷ ಹುಡುಕೋಕೆ ಉರುಳಿಸಿ ಉರುಳಿಸಿ ಬೆರಳು ಸವೀತದೆ. ಬರ್ತೀಯಾ, ತೋರಿಸ್ತೀನಿ?”

“ಐದು ನಿಮಿಷ ಅತ್ತಿಗೆ,” ಎಂದು ಅವನು ಅಂಗಿ ಹುಡುಕತೊಡಗಿದ.