ಗೋಡೆಯ ಮೇಲಿನ ಕೌದಿ

ಕೌದಿಯ ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿಕೊಂಡು, ಇನ್ನೊಂದು ತುದಿಯನ್ನು ಎರಡೂ ಕೈಯಿಂದ ತಿರುವಿ ಗುರುಲಿಂಗವ್ವ ಹಿಂಡಿದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಹೊಲಿದ ಕೌದಿ. ನೀರು ಕುಡಿದರೆ ಎಮ್ಮೆಗರುವಿನಷ್ಟು ಭಾರ. ಅದನ್ನು ಎತ್ತಿ ಹಿತ್ತಲ ಗೋಡೆಯ ಮೇಲೆ ಹಾಕುವ ಹೊತ್ತಿಗೆ ಮಗ ಅಂದಾನಪ್ಪ ಬೇವಿನಕಡ್ಡಿ ಅಗಿಯುತ್ತ ಬಂದು ನಿಂತ.

"ಇವತ್ತೂ?"

"ಇವತ್ತೂ" ಎಂದಳು ಮುದುಕಿ, ಕೌದಿಯ ಸುಕ್ಕು ಬಿಡಿಸುತ್ತ.

ಅವನ ಆರು ವರ್ಷದ ಮಗಳು ಸಿದ್ದಿ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದ್ದು ತಾಯಿ ಎರಡನೇ ಹೆರಿಗೆಗೆಂದು ತವರೂರು ಕಮತಗಿಗೆ ಹೋದ ಮೇಲೆ. ಸಂಜೆಯಾದ ಮೇಲೆ ನೀರು ಕೊಡದೆ ನೋಡಿದ್ದಾಯಿತು, ಎಳ್ಳುಂಡೆ ತಿನಿಸಿದ್ದಾಯಿತು, ಹೊಟ್ಟೆಗೆ ವಿಭೂತಿ ಹಚ್ಚಿ ಶಿವಾ ಎಂದದ್ದೂ ಆಯಿತು. ರಾತ್ರಿ ಎಬ್ಬಿಸಿದರೆ ಹುಡುಗಿ ಹಲ್ಲುಗಚ್ಚಿ ಕೌದಿ ಹಿಡಿದುಕೊಂಡು ಮಲಗಿಬಿಡುತ್ತಿದ್ದಳು.

ಅಂದಾನಪ್ಪ ಕಡ್ಡಿ ಉಗಿದ. "ನಾಳಿ ಅಮಾಸಿ. ಮಗ್ಗ ಹೆಂಗೂ ನಿಲ್ಲತೈತಿ. ಕುಳಗೇರಿ ಕ್ರಾಸಿನ ಕಡೆ ಒಬ್ಬಾಂವ ಚುಟಿಗಿ ಹಾಕ್ತಾನಂತ. ಮುಂಜಾನಿ ಬಸ್ಸಿಗೆ ಇಕಿನ್ನ ಕರಕೊಂಡು ಹೋಗಿ ಬರ್ತೇನಿ."

ಕೈಗೂಸಿನ ಜೊತೆ ಹೆಂಡತಿ ಬಂದ ಮೇಲೆ ಒಂದೇ ಪಡಸಾಲೆಯಲ್ಲಿ ಹಸಿ ಹಾಸಿಗೆ ಹೇಗೆ ನಡೆದೀತು ಎಂಬುದು ಅವನ ಚಿಂತೆ. ಅವನು ಕೆಟ್ಟ ತಂದೆಯಲ್ಲ. ಊರೆಲ್ಲ ಹೇಳುವುದನ್ನೇ ಹೇಳುತ್ತಿದ್ದ. ಆದರೆ ಗುರುಲಿಂಗವ್ವನ ಹೊಕ್ಕಳಿನ ಸುತ್ತ ಕಾದ ಸೂಜಿಯಿಂದ ಚುಟಿಗೆ ಇಟ್ಟ ಗುರುತುಗಳು ಇನ್ನೂ ಇದ್ದವು. ಯಾವ ಬೇನೆಗೆ ಸುಟ್ಟಿದ್ದರೋ ನೆನಪಿರಲಿಲ್ಲ. ಕೈಕಾಲು ಒತ್ತಿ ಹಿಡಿದವರು ಯಾರೆಂಬುದು ಮಾತ್ರ ಚೆನ್ನಾಗಿ ನೆನಪಿತ್ತು.

"ನಾಲ್ಕು ಮಕ್ಕಳ ಹಾಸಿಗಿ ಒಣಗಿಸಿದ ಕೈ ಇದು. ಇಕೀದೂ ಒಣಗಿಸ್ತೇನಿ" ಎಂದಳು.

"ನಾಳಿತನಾ ಒಣಗಿಸು ಹಂಗಾರ" ಎಂದು ಅವನು ಮಗ್ಗಕ್ಕೆ ನಡೆದ.

ಗೋಡೆಯ ಆಚೆಯಿಂದ ನೆರೆಮನೆಯ ದಸ್ತಗೀರಬಿಯ ತಲೆ ಮೇಲೆದ್ದಿತು. "ಯಕ್ಕಾ, ಈ ಕೌದಿ ಗ್ವಾಡಿ ಮ್ಯಾಲ ಬಿತ್ತಂದ್ರ ನಮ್ಮನ್ಯಾಗ ಹೊತ್ತು ಹೊಂಟಂಗ ನೋಡ್ರಿ" ಎಂದು ನಕ್ಕಳು. ಗುರುಲಿಂಗವ್ವನೂ ನಕ್ಕಳು. ಆಮೇಲೆ ದಸ್ತಗೀರಬಿ ಬೇರೊಂದು ಮಾತು ತೆಗೆದಳು. ಸಿದ್ದಿ ದಿನಾ ಬೀದಿ ಬಾಗಿಲಿನಿಂದ ಹೊರಬಿದ್ದು, ದಸ್ತಗೀರಬಿಯವರ ಅಂಗಳ ಹಾದು, ಗೋಡೆ ಬಿದ್ದ ಸಂದಿಯಿಂದ ಸ್ವಂತ ಹಿತ್ತಲಿಗೆ ಹೋಗುತ್ತಾಳಲ್ಲ, ಮನೆಯೊಳಗೆ ದಾರಿ ಇಲ್ಲವೇ ಎಂದು ಕೇಳಿದಳು.

ಗುರುಲಿಂಗವ್ವ ಆ ಮಾತನ್ನು ಹೊತ್ತುಕೊಂಡೇ ಒಳಗೆ ನಡೆದಳು. ಮಠದಲ್ಲಿ ವಚನ ಕೇಳುವಾಗಲೂ ಅವಳು ಹೀಗೆಯೇ. ಕೇಳಿದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕೆಲಸ ಮಾಡುತ್ತ ಬಿಚ್ಚುತ್ತಿದ್ದಳು.

ಮನೆ ಉದ್ದನೆಯದು. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಬಚ್ಚಲು. ಎರಡರ ಮಧ್ಯದ ನಡುಮನೆಯ ತುಂಬ ಮಗ್ಗ. ಅದಕ್ಕೂ ಗೋಡೆಗೂ ಮಧ್ಯೆ ಒಬ್ಬರು ಹೋಗುವಷ್ಟು ದಾರಿ. ಆ ದಾರಿಯ ಅಂಚಿಗೇ ನೇಯುವವನು ಕಾಲು ಇಳಿಬಿಟ್ಟು ಕೂರುವ ಕುಣಿ.

ಮಧ್ಯಾಹ್ನ ಅಂದಾನಪ್ಪ ನೂಲು ತರಲು ಪೇಟೆಗೆ ಹೋದ. ಅಡುಗೆಮನೆಯಲ್ಲಿ ರಾಟಿಯ ಮುಂದೆ ಕುಳಿತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಗುರುಲಿಂಗವ್ವ, ಪಡಸಾಲೆಯಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ಕೂಗಿ ನೂಲಿನ ಬುಟ್ಟಿ ತರಲು ಹೇಳಿದಳು. ಸಣ್ಣ ಹೆಜ್ಜೆಗಳು ನಡುಮನೆಯ ಹೊಸ್ತಿಲ ತನಕ ಬಂದು ನಿಂತವು. ಹಿಂದಿರುಗಿದವು. ಬೀದಿ ಬಾಗಿಲು ಕಿರ್ರೆಂದಿತು. ಸ್ವಲ್ಪ ಹೊತ್ತಿಗೆ ಸಿದ್ದಿ ಬುಟ್ಟಿ ಹೊತ್ತು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು.

ಮುದುಕಿ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ರಾಟಿಯ ಹಿಡಿಕೆ ಅವಳ ಕೈಗೆ ಕೊಟ್ಟಳು. ಅಪ್ಪ ನೇಯುವಾಗ ಮಗ್ಗದ ಬದಿಯಿಂದಲೇ ಓಡಾಡುತ್ತೀಯಲ್ಲ, ಈಗೇಕೆ ಸುತ್ತು ಹಾಕಿ ಬಂದೆ ಎಂದು ರಾಟಿಯ ಕಡೆ ನೋಡುತ್ತಲೇ ಕೇಳಿದಳು.

ಸಿದ್ದಿ ರಾಟಿ ತಿರುವಿದಳು. "ಕುಣ್ಯಾಗ ಗುಮ್ಮ ಐತಿ, ಆಯಿ. ಅಪ್ಪ ಕುಂತಾಗ ಅವನ ಕಾಲಾಗ ಸಿಕ್ಕೊಂಡಿರತೈತಿ. ಅಪ್ಪ ಎದ್ರ ಅದೂ ಏಳತೈತಿ."

"ಯಾರು ಹೇಳ್ಯಾರ?"

"ಅಪ್ಪನ ಹೇಳ್ಯಾನ."

ಗುರುಲಿಂಗವ್ವನ ಕೈಯಲ್ಲಿ ನೂಲು ತುಂಡಾಯಿತು. ಬಸವಾ ಎಂದು ಎರಡು ತುದಿ ಹೊಸೆದು ಕೂಡಿಸಿದಳು. ತಾಯಿಯಾದರೆ ರಾತ್ರಿ ಬಚ್ಚಲಿಗೆ ಹೋಗುವಾಗ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ದಾಟಿಸುತ್ತಿದ್ದಳು; ಬೆನ್ನು ಬಾಗಿದ ತಾನು ಇಷ್ಟು ದಿನ ನಡೆ ನಡೆ ಎಂದು ಕೈ ಹಿಡಿದು ಜಗ್ಗಿದ್ದು ಆ ಕುಣಿಯ ಕಡೆಗೇ.

ಅಮಾವಾಸ್ಯೆಯ ಮುಂಜಾನೆ ಅಂದಾನಪ್ಪ ಮಡಿ ಧೋತರ ಉಟ್ಟು, ಚೀಲ ಹಿಡಿದು, ಮಗಳಿಗಾಗಿ ಮನೆಯೆಲ್ಲ ಹುಡುಕಿದ. ಸಿದ್ದಿ ನಡುಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಗುರುಲಿಂಗವ್ವ ಸೆರಗು ಬಿಗಿದುಕೊಂಡು, ಕೈಯಲ್ಲಿ ಕಸಬರಿಗೆ ಹಿಡಿದು, ಸೊಂಟಮಟ್ಟ ಕುಣಿಯೊಳಗೆ ಇಳಿದಿದ್ದಳು. ಮಗ್ಗಕ್ಕೆ ಪೂಜೆ ಮಾಡುವ ದಿನ ಕುಣಿ ಕಸ ಹೊಡೆಯಬೇಡವೇ ಎಂದು ಅವಳ ವಾದ. ನೂಲಿನ ಹಿಂಜು, ಬೀಡಿ ತುಂಡು, ಮೂಗು ಮುರಿದ ಲಾಳಿ, ಒಂದೊಂದನ್ನೇ ಎತ್ತಿ ಗುಮ್ಮನ ಹಲ್ಲು, ಗುಮ್ಮನ ಮೀಸೆ ಎಂದು ಹೊರಗಿಡುತ್ತಿದ್ದಳು. ಕೊನೆಗೆ, ಎಂದೋ ಕಳೆದುಹೋಗಿದ್ದ ತನ್ನ ಸಣ್ಣ ಕಾಲ್ಗೆಜ್ಜೆ ಧೂಳು ಹಿಡಿದು ಹೊರಬಂದಾಗ ಸಿದ್ದಿ ಹೊಸ್ತಿಲು ಬಿಟ್ಟು ಒಂದು ಹೆಜ್ಜೆ ಮುಂದಿಟ್ಟಳು.

"ಬಸ್ಸಿಗೆ ಹೊತ್ತಾತು" ಎಂದ ಅಂದಾನಪ್ಪ.

ಗುರುಲಿಂಗವ್ವ ಕುಣಿಯೊಳಗಿಂದಲೇ ತಲೆಯೆತ್ತಿದಳು. "ಇದರಾಗ ಏನೈತಿ ಅಂತ ಹೇಳಿದ್ಯೋ ಇಕಿಗೆ?"

ಅವನು ಮಗಳನ್ನು ನೋಡಿದ, ಕುಣಿಯನ್ನು ನೋಡಿದ. "ಮಗ್ಗದ ಹಾಸಿನ ಎಳಿ ಮುಟ್ಟಿ ಹರೀತಾಳಂತ... ಅಂಜಲಿ ಅಂತ ಹೇಳಿದ್ದೆ ಯವ್ವಾ."

"ಅಂಜ್ಯಾಳ. ಈಗ ಚುಟಿಗಿ ಯಾರಿಗಿ ಹಾಕಸೂಣು?"

ಅವನು ಚೀಲವನ್ನು ಗೂಟಕ್ಕೆ ತೂಗುಹಾಕಿದ. ಬರುವ ಅಮಾವಾಸ್ಯೆಯ ತನಕ ನೋಡೋಣ ಎಂದಷ್ಟೇ ಹೇಳಿ, ತಾಯಿಯನ್ನು ಕುಣಿಯಿಂದ ಎತ್ತಲು ಕೈಚಾಚಿದ. ಅವಳು ಆ ಕೈಗೆ ಕಸಬರಿಗೆ ಕೊಟ್ಟು, ಮೊಮ್ಮಗಳನ್ನು ಒಳಗೆ ಇಳಿಸಿಕೊಂಡಳು.

ಮರುದಿನವೂ ಕೌದಿ ಗೋಡೆ ಏರಿತು. ಆಮೇಲೂ ಏರುತ್ತಿತ್ತು. ಅಂದಾನಪ್ಪ ಅದನ್ನು ನೋಡಿಯೂ ನೋಡದಂತೆ ಮುಖ ತೊಳೆಯುತ್ತಿದ್ದ. ಗುರುಲಿಂಗವ್ವ ಮಾತ್ರ ಅವಸರ ಮಾಡಲಿಲ್ಲ. ಅಂದಾನಪ್ಪ ಮಗ್ಗದಿಂದ ಎದ್ದ ಕೂಡಲೇ ಕುಣಿಗೆ ಒಂದು ಕಂಡಿಕೆ ಉರುಳಿಸಿ ತೆಗೆದುಕೊಡು ಎನ್ನುವಳು. ಹುಡುಗಿ ಮೊದಮೊದಲು ಕಣ್ಣು ಮುಚ್ಚಿ ಇಳಿದಳು, ಆಮೇಲೆ ಕಣ್ಣು ಬಿಟ್ಟು ಇಳಿದಳು. ಒಂದು ದಿನ ಅದರೊಳಗೆ ಅಡಗಿ ಕುಳಿತು, ಮಜ್ಜಿಗೆ ಒಯ್ಯಲು ಬಂದ ದಸ್ತಗೀರಬಿಯನ್ನು ಗುಮ್ಮ ಎಂದು ಬೆಚ್ಚಿಬೀಳಿಸಿದಳು. ಅವಳ ಕೈಯ ತಂಬಿಗೆ ಉರುಳಿ ಹೋಗಿ ಗೋಡೆಗೆ ಬಡಿಯಿತು.

ಅದಾಗಿ ಕೆಲವು ದಿನಗಳ ಮೇಲೆ ಒಂದು ಮುಂಜಾನೆ, ಹೊತ್ತು ಮೂಡುತ್ತಿದ್ದಂತೆ, ಅಂದಾನಪ್ಪ ಮಗ್ಗಕ್ಕೆ ಕೂರಲು ಹೋದವನು ಹಾಗೆಯೇ ನಿಂತ. ಬಿಗಿದು ಕಟ್ಟಿದ ಹಾಸಿನ ಅಂಚಿನ ಮೇಲೆ ಒದ್ದೆ ಗುರುತು ಬಿದ್ದಿತ್ತು: ಸಣ್ಣದೊಂದು ಅಂಗೈ, ನಾಲ್ಕು ಬೆರಳು. ಬಚ್ಚಲಿನಿಂದ ಕೈಕಾಲು ತೊಳೆದುಕೊಂಡು ಬಂದವರು ಕತ್ತಲಲ್ಲಿ ಕುಣಿಯ ಬದಿ ದಾಟುವಾಗ ಆಸರೆಗೆಂದು ಊರಿದ್ದು. ಗಂಜಿ ಹಾಕಿದ ಎಳೆಗಳು ಅಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಅವನು ಪಡಸಾಲೆಗೆ ಹೋಗಿ, ಬಗ್ಗಿ, ಮಲಗಿದ್ದ ಮಗಳ ಕೆಳಗಿನ ಕೌದಿಯನ್ನು ಮುಟ್ಟಿ ನೋಡಿದ. ಅಂಗೈಗೆ ಪಸೆ ಹತ್ತಲಿಲ್ಲ. ಹಿಂದಿರುಗಿ ಬಂದು ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ. ಲಾಳಿ ತೊಡೆಯ ಮೇಲಿತ್ತು.

"ಯಾಕೋ, ಸಪ್ಪಳನ ಇಲ್ಲ?" ಅಡುಗೆಮನೆಯಿಂದ ಗುರುಲಿಂಗವ್ವ ಕೇಳಿದಳು.

"ಹಾಸು ಹಸಿ ಐತಿ ಯವ್ವಾ" ಎಂದ ಅಂದಾನಪ್ಪ. "ಒಣಗಲಿ."

ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಗೋಡೆಯ ಮೇಲಿತ್ತು. ಅದು ಜಾರಿ ಎಳೆಗಳ ತನಕ ಬರಲು ಇನ್ನೂ ಹೊತ್ತಿತ್ತು. ಅವನು ಕಾಯುತ್ತ ಕುಳಿತ.