ಒಂದು ಗಂಟೆಯಲ್ಲಿ ನನ್ನ ಮದುವೆ

ನಾವಿರುವ ನಗರದಿಂದ ನಾದಿನಿಯ ನಗರಕ್ಕೆ ರೈಲಿನಲ್ಲಿ ಇಡೀ ರಾತ್ರಿಯ ದಾರಿ. ನಮ್ಮ ಅತ್ತೆಯ ಲೆಕ್ಕದಲ್ಲಿ ಅದು ನನ್ನ ಮದುವೆಯ ಕಥೆಯಷ್ಟು ದೂರ. ರೈಲು ಹೊರಟ ಕೂಡಲೇ ಹೆಣ್ಣು ಕೇಳಲು ಹೋದ ದಿನದಿಂದ ಶುರುಮಾಡಿದರೆ, ಎದುರು ಸೀಟಿನವರು ತೂಕಡಿಸಿದರೂ ಬಿಡದೆ, ಇಳಿಯುವ ಹೊತ್ತಿಗೆ ಸರಿಯಾಗಿ ನನ್ನನ್ನು ತಮ್ಮ ಮನೆಯ ಹೊಸ್ತಿಲು ದಾಟಿಸುತ್ತಿದ್ದರು. ಅದರಲ್ಲಿ ಅರ್ಧ ದಾರಿ ನನ್ನ ತವರಿನವರ ಕುಂದುಕೊರತೆಗಳಿಗೇ ಮೀಸಲು.

ಮೊನ್ನೆ ಮೊದಲ ಸಲ ವಿಮಾನ ಹತ್ತಿದೆವು. ಹಾರಾಟ ಒಂದು ಗಂಟೆ ಎಂದು ಪೈಲಟ್ ಹೇಳಿದ್ದೇ ತಡ, ಅತ್ತೆಯ ಮುಖ ಸಪ್ಪಗಾಯಿತು.

"ಒಂದೇ ಗಂಟೆನಾ? ಅಷ್ಟರಲ್ಲಿ ಏನು ಹೇಳೋಕಾಗುತ್ತೆ?"

ಸದ್ಯ, ಬದುಕಿದೆ ಅಂದುಕೊಂಡೆ. ಆ ಭಾಗ್ಯ ಎಲ್ಲಿಂದ ಬರಬೇಕು? ವಿಮಾನ ಮೇಲೇರುತ್ತಿದ್ದಂತೆ ಕಿಟಕಿ ಪಕ್ಕದ ಅಪರಿಚಿತನ ಕಡೆ ತಿರುಗಿ ಶುರುಮಾಡಿಯೇಬಿಟ್ಟರು. ಆತ ಮೊದಲು ಕಾಟಾಚಾರಕ್ಕೆ ಹೂಂಗುಟ್ಟಿದ, ಆಮೇಲೆ ಕಿವಿಯಿಂದ ಇಯರ್‌ಫೋನ್ ತೆಗೆದ. ಹಾರ ತರುತ್ತಿದ್ದ ಗಾಡಿ ಕೆಟ್ಟು ನಿಂತದ್ದು, ಮದುಮಗನ ಶೂ ಕಳೆದದ್ದು, ಗಂಡಿನ ಕಡೆಯ ಚಿಕ್ಕಪ್ಪನ ಮುಗಿಯದ ಭಾಷಣ, ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಎಳೆಯಲಿಲ್ಲ. ಮುಂದಿನ ಸಾಲಿನವರೂ ಕತ್ತು ಹೊರಳಿಸಿ ಕೇಳಿ ನಕ್ಕರು. ಚಕ್ರ ನೆಲ ಮುಟ್ಟಿತು. ನಾನು ಹೊಸ್ತಿಲು ದಾಟಿದ್ದೆ. ಇಷ್ಟು ವರ್ಷ ಕೇಳಿ ಕೇಳಿ ಕಿವಿ ತೂತಾಗಿದ್ದ ನಾನೂ ಬೆರಗಾಗಿ ಕೂತಿದ್ದೆ.

ಬ್ಯಾಗ್ ಇಳಿಸುವಾಗ ಥಟ್ಟನೆ ಹೊಳೆಯಿತು.

"ಅತ್ತೆ, ನಮ್ಮ ಕಡೆಯವರ ತಪ್ಪುಗಳನ್ನೆಲ್ಲ ಬಿಟ್ಟೇಬಿಟ್ರಲ್ಲ?"

"ಇದ್ದಿದ್ದೇ ಒಂದು ಗಂಟೆ ಕಣಮ್ಮ," ಎಂದರು ಅತ್ತೆ. "ಮುಖ್ಯವಾದದ್ದಷ್ಟೇ ಹೇಳ್ದೆ."